ಮಿಲ್ಟ್ರಿ ಕಾಕಾರ ಪದ್ಮಿನಿ

ಮೇ ತಿಂಗಳ ಮಧ್ಯಾಹ್ನ ಕಲಬುರಗಿಯಲ್ಲಿ ಮನುಷ್ಯರೇ ನಿಂತಲ್ಲಿ ಕುದಿಯುತ್ತಾರೆ. ಮೋಟಾರು ಗಾಡಿಗಳ ಪಾಡೇನು? ಅಂಥದೊಂದು ಮಧ್ಯಾಹ್ನ ಹುಮನಾಬಾದ್ ರಿಂಗ್ ರೋಡಿನ ಬಳಿ ಕೆನೆ ಬಣ್ಣದ ಹಳೆಯ ಪದ್ಮಿನಿ ಕಾರೊಂದು ಬಾನೆಟ್ ತೆರೆದುಕೊಂಡು ನಿಂತಿತ್ತು. ಸುತ್ತ ಎಂಟು ಹತ್ತು ಜನ. ನಮ್ಮಲ್ಲಿ ಕೆಟ್ಟು ನಿಂತ ಗಾಡಿಗೆ ಡೀಸೆಲ್ಲು ಸಿಗದಿದ್ದರೂ ಸಲಹೆಗೇನೂ ಕೊರತೆಯಿಲ್ಲ. ಮೋಟಾರ್ ಸೈಕಲ್ಲಿನ ಹುಡುಗನೊಬ್ಬ, "ಕಿಲೋ ಲೆಕ್ಕದಾಗ ಹಾಕಿಬಿಡ್ರಿ ಅಜ್ಜಾ" ಎಂದು ನಕ್ಕು ಹೋದ.

ಗಾಡಿಯ ಮಾಲೀಕರು ಯಾರಿಗೂ ಉತ್ತರ ಕೊಡಲಿಲ್ಲ. ಹೆಗಲ ಮೇಲಿನ ಟವಲನ್ನು ನೀರಿನಲ್ಲಿ ಅದ್ದಿ, ಎಂಜಿನ್ನಿನ ಪಕ್ಕದ ಪೆಟ್ರೋಲ್ ಪಂಪಿಗೆ ಸುತ್ತಿ, ಎದುರಿನ ಅಂಗಡಿಯಲ್ಲಿ ಚಹಾ ಕುಡಿದು ಬಂದರು. ಹತ್ತು ನಿಮಿಷದ ಮೇಲೆ ಕೀಲಿ ತಿರುವಿದರೆ ಗಾಡಿ ಏನೂ ಆಗದಂತೆ ಶುರುವಾಯಿತು. ಸ್ಕೂಟರ್ ನಿಲ್ಲಿಸಿ ನೋಡುತ್ತಿದ್ದ ನನ್ನೊಳಗಿನ ಮಾಸ್ತರನಿಗೆ ತಡೆಯಲಾಗಲಿಲ್ಲ. ಬಿಸಿಗೆ ನಳಿಕೆಯಲ್ಲಿ ಪೆಟ್ರೋಲು ಆವಿಯಾಗುತ್ತದೆ, ದ್ರವ ಎಳೆಯಬೇಕಾದ ಪಂಪು ಆವಿಯನ್ನು ಎಳೆಯಲಾರದು, ಬಟ್ಟೆಯ ನೀರು ಆರುವಾಗ ಪಂಪಿನ ಶಾಖವನ್ನು ಹೀರಿಕೊಳ್ಳುತ್ತದೆ, ಪೆಟ್ರೋಲು ಮತ್ತೆ ದ್ರವವಾಗುತ್ತದೆ ಎಂದು ಒಂಬತ್ತನೇ ಇಯತ್ತೆಯ ಪಾಠವನ್ನು ರಸ್ತೆಯ ಮೇಲೇ ಒಪ್ಪಿಸಿಬಿಟ್ಟೆ. ಅವರು ಪೂರಾ ಕೇಳಿ, "ಖರೆ ಅದ ಸರ್. ನಮಗ ಇದು ಪುಸ್ತಕದಾಗ ಬಂದಿದ್ದಿಲ್ಲ, ರಾಜಸ್ಥಾನದ ಉಸುಕಿನಾಗ ಬಂತು" ಎಂದರು.

ಹೀಗೆ ಪರಿಚಯವಾದವರು ಕಮಲಾಪುರದ ಮಿಲ್ಟ್ರಿ ಕಾಕಾ. ಊರಲ್ಲಿ ಎಲ್ಲರೂ ಕರೆಯುವುದು ಹಾಗೆ. ನಾನೂ ಹಾಗೇ ಕರೆಯುತ್ತೇನೆ. ಸೈನ್ಯದ ಇಎಂಇ ದಳದಲ್ಲಿ, ಅಂದರೆ ಗಾಡಿ, ಯಂತ್ರಗಳ ದುರಸ್ತಿಗೆಂದೇ 1943ರಲ್ಲಿ ಹುಟ್ಟಿದ ದಳದಲ್ಲಿ, ಮೆಕ್ಯಾನಿಕ್ ಆಗಿ ಸೇರಿ, ಸಿಕಂದರಾಬಾದಿನಲ್ಲಿ ತರಬೇತಿ ಪಡೆದು, ಹವಾಲ್ದಾರರಾಗಿ 1994ರಲ್ಲಿ ನಿವೃತ್ತರಾದವರು. ಈಗ ಎಪ್ಪತ್ತು ದಾಟಿದೆ. ಪಿಂಚಣಿ, ಅಷ್ಟಿಷ್ಟು ಕೆಂಪು ಬಾಳೆಯ ತೋಟ, ಮತ್ತು 1975ರ ಈ ಪದ್ಮಿನಿ.

ಹವಾಲ್ದಾರನ ಪಿಂಚಣಿಯಲ್ಲಿ ಹಳೆ ಕಾರಿನ ಶೋಕಿ ನಡೆಯುವುದು ಹೇಗೆ? ಈ ಪ್ರಶ್ನೆ ನನ್ನನ್ನು ಕಾಡಲು ಕಾರಣವಿದೆ. ನನ್ನ ಮೊದಲ ಸಂಬಳದ ಕಾಲಕ್ಕೆ ಒಂದು ಹಳೆಯ ಯೆಜ್ದಿ ಮೋಟಾರ್ ಸೈಕಲ್ ಕೊಂಡಿದ್ದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು. 1996ರಲ್ಲಿ ಕಾರ್ಖಾನೆ ಮುಚ್ಚಿತು, ಬಿಡಿಭಾಗ ಸಿಗುವುದು ಕಷ್ಟವಾಯಿತು, ಮನೆಗೆ ಸ್ಕೂಟರ್ ಬಂತು. ಯೆಜ್ದಿ ಹಿತ್ತಲಲ್ಲಿ ನಾಲ್ಕು ಮಳೆಗಾಲ ಕಳೆಯಿತು. ಕೊನೆಗೊಂದು ದಿನ ಗುಜರಿಯವನ ತಕ್ಕಡಿ ಏರಿತು. "ನಮ್ಮಂಥ ಸಂಬಳದಾರರಿಗೆ ಇದೆಲ್ಲ ಆಗಿಬರೋದಲ್ಲ" ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದೆ. ಆ ಸಮಾಧಾನವನ್ನು ಕಾಕಾ ಕೆಡಿಸಿದರು.

ಮುಂದಿನ ಭಾನುವಾರವೇ ಕಮಲಾಪುರಕ್ಕೆ ಹೋದೆ. ಕಲಬುರಗಿಯಿಂದ ಮೂವತ್ತೈದು ಕಿಲೋಮೀಟರಿನ ಆಚೀಚೆ. ಕುರಿಕೋಟಾದ ಸೇತುವೆ ದಾಟಿ ಮುಂದೆ ಹೋದರೆ ಕೆಂಪು ಬಾಳೆಯ ಊರು. ಕಾಕಾ ಕಾರಿನ ಕೆಳಗಿದ್ದರು, ಎರಡು ಕಾಲು ಮಾತ್ರ ಹೊರಗೆ. "ಬರ್ರಿ ಸರ್, ಹದಿನಾಲ್ಕು ನಂಬರ್ ಪಾನಾ ಕೊಡ್ರಿ" ಎಂಬುದೇ ಸ್ವಾಗತ ಭಾಷಣ.

ಮೊದಲು ಗಾಡಿಯ ವಂಶಾವಳಿ ಹೇಳಬೇಕು. ಇಟಲಿಯ ಫಿಯೆಟ್ 1100 ನಮ್ಮಲ್ಲಿ ಪ್ರೀಮಿಯರ್ ಕಂಪನಿಯ ಮುಂಬಯಿ ಕಾರ್ಖಾನೆಯಲ್ಲಿ ತಯಾರಾಗಿ, 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಪಡೆಯಿತು. ಆ ಕಂಪನಿ ಕಟ್ಟಿದ ವಾಲಚಂದ ಹೀರಾಚಂದರು ಹುಟ್ಟಿದ್ದು ನಮ್ಮ ಪಕ್ಕದ ಸೊಲ್ಲಾಪುರದಲ್ಲಿ. 1940ರಲ್ಲಿ ಮೈಸೂರು ಸಂಸ್ಥಾನದ ಜೊತೆಗೂಡಿ ಬೆಂಗಳೂರಿನ ವಿಮಾನ ಕಾರ್ಖಾನೆ ಆರಂಭಿಸಿದವರೂ ಅವರೇ. ಪದ್ಮಿನಿಯ ಎಂಜಿನ್ 1089 ಸಿಸಿ, ನಾಲ್ಕು ಸಿಲಿಂಡರು, ಗೇರು ಸ್ಟಿಯರಿಂಗಿನ ಪಕ್ಕದಲ್ಲಿ. ಬಾನೆಟ್ ತೆರೆದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಇಂದಿನ ಕಾರಿನ ಬಾನೆಟ್ ತೆರೆದರೆ ಕಾಣುವುದು ಪ್ಲಾಸ್ಟಿಕ್ಕಿನ ಮುಚ್ಚಳ.

"ಜೀಪ್ ಯಾಕೆ ತಗೊಳ್ಳಲಿಲ್ಲ ಕಾಕಾ? ಮಿಲ್ಟ್ರಿಯವರಿಗೆ ಸಿಗ್ತಾವಲ್ಲ" ಎಂದೆ. ಸೈನ್ಯ ಬಳಸಿಬಿಟ್ಟ ಗಾಡಿಗಳನ್ನು ಮಾಜಿ ಸೈನಿಕರಿಗೆ ಹಂಚುವ ವ್ಯವಸ್ಥೆಯುಂಟು. ಜಬಲ್‌ಪುರದ ಸೇನಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಜೊಂಗಾ ಎಂಬ ಗಾಡಿಯ ಮೇಲೆ ಕಾಕಾರಿಗೆ ಜೀವ. ಆದರೆ ಅದರದು ಆರು ಸಿಲಿಂಡರಿನ, ಸುಮಾರು ನಾಲ್ಕು ಲೀಟರ್ ಗಾತ್ರದ ಪೆಟ್ರೋಲ್ ಎಂಜಿನ್. "ಜೊಂಗಾಕ್ಕ ಸರಕಾರನೇ ಎಣ್ಣಿ ಹಾಕಬೇಕು ಸರ್. ಹವಾಲ್ದಾರ ಹಾಕಿದ್ರ ಮನಿ ಹರಾಜ. ಶೋಕಿ ಮಾಡೋ ಮೊದಲು ಹೊಟ್ಟಿ ಎಷ್ಟದ ನೋಡಬೇಕು, ಗಾಡೀದೂ, ನಮ್ಮದೂ."

ನಿವೃತ್ತಿಯ ಹಣ ಬಂದಾಗ ಮೊದಲು ಮನೆಯ ಮಾಳಿಗೆ, ಆಮೇಲೆ ಮಗಳ ಮದುವೆಯ ಗಂಟು, ಕೊನೆಗೆ ಗಾಡಿ: ಈ ಸರದಿ ಹಾಕಿದವರು ಕಾಕು. ಉಳಿದದ್ದರಲ್ಲಿ ಹತ್ತೊಂಬತ್ತು ವರ್ಷ ಹಳೆಯದಾದ, ಓಡದ ಪದ್ಮಿನಿ ಮೂವತ್ತೆರಡು ಸಾವಿರಕ್ಕೆ ಬಂತು. ಓಡದ್ದೇ ಏಕೆ? ಓಡುವ ಗಾಡಿಯ ಬೆಲೆಯಲ್ಲಿ ಬೇರೆಯವರ ಕೂಲಿ ಸೇರಿರುತ್ತದೆ. ಕೂಲಿ ತಮ್ಮ ಕೈಯಲ್ಲೇ ಇರುವಾಗ ಅದನ್ನು ಕೊಳ್ಳುವುದೇಕೆ ಎಂಬುದು ಕಾಕಾರ ತರ್ಕ.

ಕಾಕಾರ ಬಳಿ ಒಂದು ಖರ್ಚಿನ ವಹಿ ಇದೆ. ಹಿಂಜರಿಯುತ್ತಲೇ ತೋರಿಸಿದರು. ತಿಂಗಳಿಗೆ ಎರಡು ಸಲ ಕಲಬುರಗಿಗೆ, ಬ್ಯಾಂಕು, ಔಷಧ, ಸೂಪರ್ ಮಾರ್ಕೆಟ್ಟಿನ ಸಂತೆ. ಸುಮಾರು 140 ಕಿಲೋಮೀಟರು. ಲೀಟರಿಗೆ ಹನ್ನೆರಡರಂತೆ ಹಿಡಿದರೆ ಪೆಟ್ರೋಲಿಗೆ 1200 ರೂಪಾಯಿ, ವರ್ಷಕ್ಕೆ 14,400. ವಿಮೆ ನಾಲ್ಕು ಸಾವಿರ. ಎಣ್ಣೆ, ಪ್ಲಗ್ಗು, ರಬ್ಬರು, ಬಿಡಿಭಾಗ ಆರು ಸಾವಿರ. ನೋಂದಣಿ ನವೀಕರಣದ್ದು ಬೇರೆ ಕಥೆ: ಹದಿನೈದು ವರ್ಷ ದಾಟಿದ ಕಾರಿಗೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಲ್ಲಿ 5,000 ಆಯಿತು, ಇಪ್ಪತ್ತು ವರ್ಷ ದಾಟಿದವುಗಳಿಗೆ 2025ರ ಆಗಸ್ಟ್‌ನಲ್ಲಿ 10,000 ಆಯಿತು. ಐದು ವರ್ಷಕ್ಕೊಮ್ಮೆ ಕಟ್ಟುವುದರಿಂದ ವರ್ಷಕ್ಕೆ ಎರಡು ಸಾವಿರ ಎಂದು ಕಾಕಾ ಬೇರೆ ತೆಗೆದಿಡುತ್ತಾರೆ. ಒಟ್ಟು 26,400, ತಿಂಗಳಿಗೆ 2,200. ಐದು ಲಕ್ಷ ಸಾಲ ಮಾಡಿ ಹೊಸ ಕಾರು ತಂದ ನನ್ನ ಸಹೋದ್ಯೋಗಿಗಳು ತಿಂಗಳಿಗೆ ಹತ್ತು ಸಾವಿರದ ಮೇಲೆ ಕಂತನ್ನೇ ಕಟ್ಟುತ್ತಾರೆ, ಪೆಟ್ರೋಲು ಬೇರೆ.

ವಹಿಯಲ್ಲಿ 'ಕೂಲಿ' ಎಂಬ ಕಾಲಂ ಇದೆ. ಮೂವತ್ತು ವರ್ಷವೂ ಖಾಲಿ. "ಆ ಲೆಕ್ಕ ಬರದಿದ್ರ ಈ ಗಾಡಿ ಇಡಲಕ ಆಗ್ತಿದ್ದಿಲ್ಲ ಸರ್" ಎಂದರು.

ಆ ಖಾಲಿ ಕಾಲಂ ತುಂಬಲು ಪ್ರತಿ ಭಾನುವಾರ ಎರಡು ತಾಸು ಬೇಕು. ಗಾಡಿ ಎಲ್ಲಿಗೂ ಹೋಗದ ವಾರವೂ ಊರಾಚೆ ನಾಲ್ಕು ಕಿಲೋಮೀಟರು ಹೋಗಿಬರುತ್ತದೆ. "ನಡಸೂದು ಸಸ್ತಾ, ನಿಲ್ಲಸೂದು ತುಟ್ಟಿ" ಎಂಬುದು ಅವರ ಮಂತ್ರ. ಇದು ಸೊಗಸಿನ ಮಾತಲ್ಲ, ಶುದ್ಧ ರಸಾಯನಶಾಸ್ತ್ರ. ಸುಮ್ಮನಿಟ್ಟ ಬ್ಯಾಟರಿಯ ಸೀಸದ ಫಲಕಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ವಿದ್ಯುತ್ತು ಕೊಟ್ಟರೂ ಕರಗದು. ಓಡದ ಎಂಜಿನ್ನಿನಲ್ಲಿ ಎಣ್ಣೆಯ ಪದರ ಕೆಳಗಿಳಿದು ಸಿಲಿಂಡರಿನ ಗೋಡೆ ಬರಿದಾಗುತ್ತದೆ. ಕಬ್ಬಿಣ, ಗಾಳಿ, ನೀರು ಮೂರು ಕೂಡಿದರೆ ತುಕ್ಕು. ಕಾಕಾ ಗಾಡಿಗೆ ಪ್ಲಾಸ್ಟಿಕ್ ಹೊದಿಕೆ ಹಾಕುವುದಿಲ್ಲ. ರಾತ್ರಿ ಅದರ ಒಳಗೇ ನೀರು ಬೆವರಿ ತಗಡು ತಿನ್ನುತ್ತದೆ. ಹೊದಿಸುವುದು ಹಳೆಯ ಧೋತರ ಹೊಲಿದ ಬಟ್ಟೆ, ಅದೂ ಮಾಡಿನ ಕೆಳಗೆ. ನನ್ನ ಯೆಜ್ದಿಗೆ ನಾನು ಹೊದಿಸಿದ್ದು, ಬಹಳ ಕಾಳಜಿಯಿಂದ, ನೀಲಿ ತಾಡಪತ್ರಿ.

ಈಚೆಗೆ ಹೊಸದೊಂದು ಚಿಂತೆ ಸೇರಿದೆ. ಪೆಟ್ರೋಲಿನಲ್ಲಿ ಈಗ ಶೇಕಡಾ 20ರಷ್ಟು ಎಥನಾಲ್. ಎಥನಾಲ್ ನೀರನ್ನು ಹೀರುವ ಪದಾರ್ಥ; ಹಳೆ ಕಾಲದ ರಬ್ಬರ್ ನಳಿಕೆಗಳನ್ನು ಉಬ್ಬಿಸಿ ಕೆಡಿಸುತ್ತದೆ. ಅದರ ಶಾಖಶಕ್ತಿ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಐದನೇ ಒಂದು ಪಾಲಿನಲ್ಲಿ ಮೂರನೇ ಒಂದು ಪಾಲು ಹೋದರೆ ಒಟ್ಟು ಶಕ್ತಿಯಲ್ಲಿ ಶೇಕಡಾ ಆರೇಳು ನಷ್ಟ. ರೈತರ ಕಬ್ಬಿಗೆ ಬೆಲೆ ಬರುವುದಾದರೆ ಬರಲಿ ಎನ್ನುತ್ತಾರೆ ಕಾಕಾ. ನಳಿಕೆಗಳನ್ನೂ ಪಂಪಿನ ಡಯಾಫ್ರಮ್ಮನ್ನೂ ಬದಲಾಯಿಸಿದ್ದಾರೆ, ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲು ಇಡುವುದಿಲ್ಲ.

ಬಿಡಿಭಾಗದ ಮಾತು ಬಂದಾಗ ಮಾತ್ರ ಅವರ ದನಿ ಇಳಿಯಿತು. ಪದ್ಮಿನಿಯ ತಯಾರಿಕೆ ಈ ಶತಮಾನದ ಆರಂಭದ ಹೊತ್ತಿಗೇ ನಿಂತಿತ್ತು. ಆದರೂ ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳು ಓಡುತ್ತಿದ್ದಷ್ಟು ದಿನ ಸಾಮಾನಿಗೆ ಬರವಿರಲಿಲ್ಲ. 2023ರ ಅಕ್ಟೋಬರ್ ಕೊನೆಗೆ ಆ ಪದ್ಮಿನಿ ಟ್ಯಾಕ್ಸಿಗಳ ಕಾಲವೂ ಮುಗಿಯಿತು. ಕಾಕಾರ ಮನೆಯ ಅಟ್ಟದಲ್ಲಿ ಹಳೆ ಮಿಲ್ಟ್ರಿ ಟ್ರಂಕು ತುಂಬ ಗ್ರೀಸು ಸವರಿ ಕಾಗದ ಸುತ್ತಿಟ್ಟ ಸಾಮಾನುಗಳಿವೆ. ಬೇಕಾಗುವ ಮೊದಲೇ ಕೊಂಡಿಡುವುದು, ವರ್ಷಕ್ಕೆ ಒಂದೇ ದೊಡ್ಡ ಕೆಲಸ ಹಿಡಿಯುವುದು, ಗಾಡಿಗೆಂದು ಸಾಲ ಮಾಡದಿರುವುದು: ಇವು ಮೂರು ಅವರ ಕಟ್ಟಳೆ.

ಈ ಕಟ್ಟಳೆಗಳ ಬೆಲೆಯೂ ಸಣ್ಣದಲ್ಲ. ಒಂದು ಮಳೆಗಾಲ ಎಂಜಿನ್ ಬಿಚ್ಚಬೇಕಾದ ಹೊತ್ತಿಗೇ ಮಾಳಿಗೆ ಸೋರಿತು. ಮಾಳಿಗೆ ಮೊದಲು ಎಂದರು ಕಾಕು. ಗಾಡಿ ಎರಡು ವರ್ಷ ಇಟ್ಟಂಗಿಯ ಮೇಲೆ ನಿಂತಿತು. ಕಾಕಾ ವಾರಕ್ಕೊಮ್ಮೆ ಎಂಜಿನ್ನನ್ನು ಕೈಯಿಂದ ತಿರುವಿ, ಎಣ್ಣೆ ಬಿಟ್ಟು ಕಾದರು. ಚಹಾ ತಂದ ಕಾಕು ನಕ್ಕರು: "ನನ್ನ ಸವತಿ ಸರ್ ಇದು. ಖರೆ ಹೇಳ್ಬೇಕಂದ್ರ ಬ್ಯಾರೆ ಸವತಿಕಿಂತ ಬೇಡೂದು ಕಮ್ಮಿ. ಇವರು ಐತ್ವಾರ ಎಲ್ಲಿದ್ದಾರಂತ ನಾ ಯಾರಿಗೂ ಕೇಳ್ಬೇಕಾಗಿಲ್ಲ."

ಶ್ರೀಮಂತರ ಹಳೆ ಕಾರುಗಳನ್ನು ನಾವು ಕಂಡಿದ್ದೇವೆ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ಸಾಲಾಗಿ ಹೊಳೆಯುವ ಗಾಡಿಗಳ ಮುಂದೆ ಶಾಲಾ ಪ್ರವಾಸದ ನನ್ನ ಮಕ್ಕಳು ಬಾಯಿ ತೆರೆದು ನಿಂತಿದ್ದುಂಟು. ಅಂಥ ಸಂಗ್ರಹಗಳೂ ಬೇಕು. ಸರಕಾರವೂ 2021ರ ಜುಲೈನಲ್ಲಿ ಐವತ್ತು ವರ್ಷ ಮೀರಿದ, ಮೂಲ ರೂಪದಲ್ಲಿರುವ ಗಾಡಿಗಳಿಗೆ ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ. ಕಾಕಾರ ಪದ್ಮಿನಿಗೆ ಈಗ ಐವತ್ತು ತುಂಬಿದೆ. "ಮಾಡಿಸ್ರಿ ಕಾಕಾ, ಮಾನ ಬರ್ತದ" ಎಂದೆ. ಆದರೆ ಆ ನೋಂದಣಿಯ ಗಾಡಿಯನ್ನು ಪ್ರದರ್ಶನ, ರ್‍ಯಾಲಿ, ದುರಸ್ತಿ, ಪೆಟ್ರೋಲು ಇಂಥವಕ್ಕಷ್ಟೇ ರಸ್ತೆಗೆ ತರಬಹುದು; ನಿತ್ಯದ ಓಡಾಟ ಕೂಡದು. ಕಾಕಾ ತಲೆಯಾಡಿಸಿದರು: "ಗುಡ್ಯಾಗ ಕೂಡಿಸಿದ ದೇವರು ಬ್ಯಾರೆ ಸರ್, ಕೊಟ್ಟಗ್ಯಾಗಿನ ಆಕಳ ಬ್ಯಾರೆ. ನಂದು ಆಕಳ. ಮ್ಯಾಯಲಕ ಹೋಗ್ಬೇಕು."

ಹೈದರಾಬಾದಿನಿಂದ ಬಂದ ಒಬ್ಬರು ಮೂರು ಲಕ್ಷ ಕೊಡುತ್ತೇವೆಂದು ಹೇಳಿ ಹೋಗಿದ್ದಾರಂತೆ. ಕಾಕಾರಿಗೆ ಮೊಣಕಾಲು ನೋವು. ಕಾರಿನ ಕೆಳಗೆ ಹೋದರೆ ಏಳಲು ಕೈ ಹಿಡಿಯಬೇಕು. ಪುಣೆಯಲ್ಲಿರುವ ಮಗನಿಗೆ ಆಸಕ್ತಿಯಿಲ್ಲ. ಖಾಲಿ ಕಾಲಂ ತುಂಬುವ ಕೈ ಸೋತ ದಿನ ಆ 2,200ರ ಲೆಕ್ಕ ನಿಲ್ಲುವುದಿಲ್ಲ ಎಂಬುದು ಅವರಿಗೆ ಗೊತ್ತು. "ಮೂರು ಲಕ್ಷ ಸಣ್ಣ ರೊಕ್ಕ ಅಲ್ಲ ಸರ್" ಎಂದವರು ಮುಂದೆ ಮಾತಾಡಲಿಲ್ಲ. ನಾನೂ ಕೇಳಲಿಲ್ಲ.

ಆದರೆ ಆಮೇಲಿನ ತಿಂಗಳು ನಮ್ಮ ಶಾಲೆಯ ಆರು ಮಕ್ಕಳನ್ನು ಕರೆದುಕೊಂಡು ಹೋದೆ. ಕಾಕಾ ಸ್ಟೂಲಿನ ಮೇಲೆ ಕೂತು ಹೇಳಿದರು, ಮಕ್ಕಳು ಮಾಡಿದರು. ಒಬ್ಬ ಹುಡುಗಿ ಪ್ಲಗ್ ಬಿಚ್ಚಿ, ಮಸಿ ಒರೆಸಿ, ಅಂತರ ಅಳೆದು ಮತ್ತೆ ಕೂಡಿಸಿದಳು. ಗಾಡಿ ಒಂದೇ ಸಲಕ್ಕೆ ಶುರುವಾಯಿತು. "ಇನ್ನೊಮ್ಮೆ ಯಾವಾಗ ಬರೂದ್ರಿ?" ಎಂದು ಅವಳು ಕೇಳಿದ್ದು ನನ್ನನ್ನಲ್ಲ, ಕಾಕಾರನ್ನು. ಅವರು, "ಐತ್ವಾರ ಬಾ. ಗಾಡಿ ಎಲ್ಲಿ ಹೋಗ್ತದ?" ಎಂದರು. ಹೈದರಾಬಾದಿನವರಿಗೆ ಇದೇ ಉತ್ತರವೋ ಏನೋ ನಾನು ತಿಳಿಯೆ.

ಓದುಗ ಮಿತ್ರರೇ, ನಿಮ್ಮ ಹಿತ್ತಲಲ್ಲಿ ತಾಡಪತ್ರಿಯ ಕೆಳಗೆ ಏನಾದರೂ ನಿಂತಿದ್ದರೆ ಈ ಭಾನುವಾರ ಒಮ್ಮೆ ಎತ್ತಿ ನೋಡಿ. ನನ್ನ ಬಳಿ ಈಗ ಉಳಿದಿರುವುದು ಯೆಜ್ದಿಯ ಕೀಲಿ ಒಂದೇ. ಗುಜರಿಯವನು ಅದನ್ನು ಕೇಳಲಿಲ್ಲ.