ಕಚೇರಿಯ ಕಂಪ್ಯೂಟರು, ನೌಕರನ ಸಹಿ

ಸರ್ಕಾರಿ ನೌಕರ ಕಚೇರಿಯ ಕಂಪ್ಯೂಟರನ್ನು ಯಾವುದಕ್ಕೆ ಬಳಸಬೇಕು, ಯಾವುದಕ್ಕೆ ಬಳಸಬಾರದು? ಈ ಮಾತು ಬಂದಾಗಲೆಲ್ಲ ನಮ್ಮ ಗಮನ ಸಣ್ಣ ತಪ್ಪುಗಳ ಕಡೆಗೇ ಹೋಗುತ್ತದೆ. ಗುಮಾಸ್ತ ಕೆಲಸದ ಹೊತ್ತಿನಲ್ಲಿ ಕ್ರಿಕೆಟ್ ಸ್ಕೋರು ನೋಡಿದ, ಮಗಳ ಸಿಇಟಿ ಅರ್ಜಿಯನ್ನು ಕಚೇರಿಯ ಪ್ರಿಂಟರಿನಲ್ಲೇ ತೆಗೆದ, ಯೂಟ್ಯೂಬ್ ಹಚ್ಚಿಕೊಂಡು ಕುಂತಿದ್ದ ಎಂಬಂಥ ದೂರುಗಳೇ ಹೆಚ್ಚು. ಬಿಸಿಲಲ್ಲಿ ನಡೆದು ಬಂದ ಮುದುಕಿ ಪಿಂಚಣಿಗಾಗಿ ಕಿಟಕಿಯ ಮುಂದೆ ನಿಂತಿರುವಾಗ ವಿಡಿಯೊ ನೋಡುವ ನೌಕರನ ಪರವಾಗಿ ಮಾತಾಡಲು ನನಗೆ ಮನಸ್ಸಿಲ್ಲ. ಆದರೆ ಊಟದ ಬಿಡುವಿನಲ್ಲಿ ಮಗಳ ಅರ್ಜಿ ತುಂಬಿದವನನ್ನೂ ತನ್ನ ಲಾಗಿನ್ ಅನ್ನು ಏಜೆಂಟನ ಕೈಗೆ ಕೊಟ್ಟವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ನಿಯಮದಿಂದ ಯಾರಿಗೂ ಪ್ರಯೋಜನವಿಲ್ಲ. ಮೊದಲನೆಯವನಿಂದ ಹೋಗುವುದು ಒಂದೆರಡು ಹಾಳೆ. ಎರಡನೆಯವನಿಂದ ಒಂದು ಮನೆತನದ ಆಸ್ತಿಯೇ ಹೋಗಬಹುದು.

ಇದು ಉತ್ಪ್ರೇಕ್ಷೆಯಲ್ಲ. ಬಾಗಲಕೋಟೆ ಜಿಲ್ಲೆಯನ್ನೇ ನೋಡಿ. ಆಲಮಟ್ಟಿ ಜಲಾಶಯದ ಎತ್ತರವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಕೃಷ್ಣಾ ಮೇಲ್ದಂಡೆ ಮೂರನೇ ಹಂತದ ಯೋಜನೆಗಾಗಿ ಇಲ್ಲಿಯ ಸಾವಿರಾರು ಎಕರೆ ಹೊಲ ಮುಳುಗಲಿದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಪರಿಹಾರ ನಿಗದಿ ಮಾಡಿತು. ಹೊಲ ನೀರಾವರಿಯೋ ಒಣಬೇಸಾಯವೋ ಎಂಬ ಪ್ರಶ್ನೆ ಎದ್ದಾಗ ರೈತ ಮೊದಲು ಹುಡುಕುವ ಸಾಕ್ಷಿ ಉತಾರ, ಅಂದರೆ ಪಹಣಿ. ಒಂದೊಂದು ಎಕರೆಗೂ ಹತ್ತು ಲಕ್ಷದ ಅಂತರ! ಬಾದಾಮಿಯಲ್ಲಿ ದಾಖಲೆಯ ಮೇಲಿನ ಈ ಅವಲಂಬನೆಯ ರೂಪ ಬೇರೆ. ಸಂರಕ್ಷಿತ ಸ್ಮಾರಕದಿಂದ ನೂರು ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ. ಅಲ್ಲಿರುವ ಹಳೆಯ ಮನೆ 1992ರ ಜೂನ್ 16ಕ್ಕಿಂತ ಮೊದಲಿನದಾಗಿದ್ದರೆ ದುರಸ್ತಿಗೆ ಅನುಮತಿ ಕೇಳಬಹುದು. ಅದನ್ನು ತೋರಿಸಲು ಮನೆಯ ಯಜಮಾನ ಮೊದಲು ಓಡುವುದು ಪುರಸಭೆಯ ಕರದ ದಾಖಲೆಗೆ. ಇಳಕಲ್ಲಿನ ನೇಕಾರನ ಮಗನಿಗೆ ವಿದ್ಯಾರ್ಥಿವೇತನ ಸಿಗಬೇಕೆಂದರೆ ನಾಡಕಚೇರಿಯ ಆದಾಯ ಪ್ರಮಾಣಪತ್ರ ಬೇಕು. ಒಂದು ಅಂಕಿಯನ್ನು ತಿದ್ದಿದ ಬೆರಳು ಯಾರದು ಎಂದು ಗೊತ್ತಾಗದೆ ಹೋದರೆ ಇವರೆಲ್ಲ ಯಾರನ್ನು ಕೇಳಬೇಕು?

ಹಿಂದೆ ತಲಾಟಿಯ ದಫ್ತರದಲ್ಲಿ ತಿದ್ದಿದರೆ ಶಾಯಿ, ಅಕ್ಷರ, ಕೆರೆದ ಗುರುತು ಏನಾದರೊಂದು ಉಳಿಯುತ್ತಿತ್ತು. ಪರದೆಯ ಮೇಲೆ ತಿದ್ದಿದ ಅಂಕಿಗೆ ಅಂಥ ಗುರುತಿಲ್ಲ. ರಾಜ್ಯದ ಸುಮಾರು 67 ಲಕ್ಷ ಭೂಮಾಲೀಕರ ಎರಡು ಕೋಟಿ ಪಹಣಿಗಳನ್ನು ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ಕಂಪ್ಯೂಟರಿಗೆ ಏರಿಸಿದವರಿಗೆ ಈ ಅಪಾಯ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವರು ಪಾಸ್‌ವರ್ಡ್ ಒಂದನ್ನೇ ನಂಬದೆ ನೌಕರನ ಬೆರಳಚ್ಚನ್ನು ಕೇಳಿದರು. ನಾನು ಮಾಡಿದ್ದಲ್ಲ ಎಂದು ಮುಂದೆ ಯಾರೂ ಹೇಳುವಂತಿರಬಾರದು ಎಂಬುದೇ ಅದರ ಉದ್ದೇಶ. ಆಮೇಲೆ ಬಂದ ಹತ್ತಾರು ತಂತ್ರಾಂಶಗಳು ಡಿಜಿಟಲ್ ಸಹಿಯನ್ನು ನೆಚ್ಚಿಕೊಂಡವು. ಸಹಿ ಈಗ ಹೆಬ್ಬೆರಳಿನಷ್ಟು ಉದ್ದದ ಒಂದು ಡಾಂಗಲ್‌ನಲ್ಲಿ ಕುಳಿತಿದೆ.

ಆ ಡಾಂಗಲ್‌ನ ಗತಿ ಏನಾಗಿದೆ? ಒಂದು ಕಚೇರಿಯಲ್ಲಿ ನಾನು ಕಂಡದ್ದು ಇದು: ಸಾಹೇಬರು ಮೀಟಿಂಗಿಗೆ ಹೋಗಿದ್ದರು, ಅವರ ಡಾಂಗಲ್ ಕಂಪ್ಯೂಟರಿಗೆ ಚುಚ್ಚಿಕೊಂಡೇ ಇತ್ತು, ಪಿನ್ ನಂಬರನ್ನು ಮಾನಿಟರಿನ ಅಂಚಿಗೆ ಚೀಟಿಯಲ್ಲಿ ಅಂಟಿಸಲಾಗಿತ್ತು. ಹೊರಗುತ್ತಿಗೆಯ ಆಪರೇಟರ್ ಹುಡುಗ ಕಡತ ತೆರೆದು, ಓದಿ, ಸಾಹೇಬರ ಹೆಸರಿನಲ್ಲಿ ಒಪ್ಪಿಗೆ ಒತ್ತುತ್ತಿದ್ದ. ಹುಡುಗ ಕೆಟ್ಟವನಲ್ಲ, ಜನರ ಕೆಲಸ ನಿಲ್ಲಬಾರದೆಂದೇ ಹಾಗೆ ಮಾಡುತ್ತಿದ್ದ. ನನಗೆ ಹೆದರಿಕೆ ಹುಟ್ಟಿಸಿದ್ದು ಅದೇ. ಒಳ್ಳೆಯ ಉದ್ದೇಶದಿಂದ ಬಿಟ್ಟ ಬಾಗಿಲಲ್ಲಿ ನಾಳೆ ಯಾರು ಬೇಕಾದರೂ ಬರಬಹುದು. ಇನ್ನೊಬ್ಬರ ಡಿಜಿಟಲ್ ಸಹಿಯನ್ನೋ ಪಾಸ್‌ವರ್ಡನ್ನೋ ಮೋಸದಿಂದ ಬಳಸಿದವರಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಹೇಳುತ್ತದೆ. ಆದರೆ ಸಾಹೇಬರೇ ಕೊಟ್ಟ ಪಿನ್ನಿನಲ್ಲಿ ಮೋಸ ನಡೆದರೆ ಅದನ್ನು ಪತ್ತೆ ಮಾಡುವುದು ಹೇಗೆ?

ಹಾಗೆಂದು ಬರೀ ನೌಕರರನ್ನು ಬೈದು ಮುಗಿಸಿದರೆ ಅನ್ಯಾಯವಾದೀತು. ಒಬ್ಬ ಪಿಡಿಒ ಹೆಗಲಿಗೆ ಎರಡು ಪಂಚಾಯ್ತಿ ಕಟ್ಟಿ, ಹಗಲೆಲ್ಲ ಸರ್ವರ್ ಸುತ್ತುತ್ತಿರುವಾಗ, ಮೇಲಿಂದ ಮೇಲೆ ‘ಪೆಂಡಿಂಗ್ ಎಷ್ಟು’ ಎಂದು ಕೇಳುತ್ತಿದ್ದರೆ ಲಾಗಿನ್ ಕೈ ಬದಲಾಗದೆ ಇರುತ್ತದೆಯೆ? 2024ರ ಸೆಪ್ಟೆಂಬರಿನಲ್ಲಿ ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರ ಹೂಡಿದ್ದು ನೆನಪಿರಬಹುದು. ಹತ್ತಾರು ಆ್ಯಪ್‌ಗಳಲ್ಲಿ ಕೆಲಸ ಮಾಡಿ ಎನ್ನುತ್ತೀರಿ, ಬೇಕಾದ ಸಲಕರಣೆಯನ್ನೇ ಕೊಡುವುದಿಲ್ಲ ಎಂಬುದು ಅವರ ಅಳಲು. ನೌಕರ ಕಚೇರಿಯ ಕಂಪ್ಯೂಟರಿನಲ್ಲಿ ಸ್ವಂತ ಕೆಲಸ ಮಾಡಬಾರದು ಎನ್ನುವ ಸರ್ಕಾರ, ಅವನ ಸ್ವಂತ ಮೊಬೈಲಿನಲ್ಲಿ ತನ್ನ ಕೆಲಸ ಮಾಡಿಸಿಕೊಳ್ಳುತ್ತಿದೆ. ಈ ಲೆಕ್ಕ ಯಾರೂ ಎತ್ತುವುದಿಲ್ಲ.

ಅದರಿಂದ ಜನರಿಗೂ ಏಟು ಬೀಳುತ್ತದೆ. ಬೆಳೆಹಾನಿ ಸಮೀಕ್ಷೆಯ ಫೋಟೊ, ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ವಾಟ್ಸ್ಆ್ಯಪ್ ಗುಂಪಿನೊಳಗೆ ಬಿದ್ದರೆ, ಅವು ಎಷ್ಟು ಜನರ ಫೋನಿನಲ್ಲಿ ಉಳಿದವು ಎಂದು ಹೇಳಬಲ್ಲವರಿಲ್ಲ. ದಾಖಲೆ ಕೈ ಜಾರಿದರೆ ಏನಾಗುತ್ತದೆ ಎಂಬುದನ್ನು 2023ರಲ್ಲಿ ನಾವು ಕಂಡಿದ್ದೇವೆ. ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನೂ ಆಧಾರ್ ಸಂಖ್ಯೆಯನ್ನೂ ಕದ್ದು ಬ್ಯಾಂಕ್ ಖಾತೆಗಳಿಂದ ಹಣ ಎಗರಿಸಿದ ಪ್ರಕರಣಗಳು ಬೆಂಗಳೂರಿನಲ್ಲಿ ಬಯಲಾದವು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನಿಂದ 2017ರಲ್ಲಿ ಹೇಳಿಸಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಹಕ್ಕು ಹುನಗುಂದ ತಾಲ್ಲೂಕಿನ ಹಳ್ಳಿಯ ವಿಧವೆಗೂ ಅಷ್ಟೇ ಸಲ್ಲಬೇಕು.

ಹಾಗಾದರೆ ಪ್ರತಿ ಪರದೆಯ ಮೇಲೂ ಕಣ್ಣಿಡಬೇಕೆ? ಕೆಲವರು ಹಾಗೆನ್ನುತ್ತಾರೆ, ನಾನು ಒಪ್ಪುವುದಿಲ್ಲ. ನೌಕರ ಯಾವ ಪುಟ ನೋಡಿದ, ಎಷ್ಟು ನಿಮಿಷ ನೋಡಿದ ಎಂದು ಎಣಿಸುವ ಕಚೇರಿಯಲ್ಲಿ ಅಂಜಿಕೆ ಹೆಚ್ಚೀತೇ ಹೊರತು ಕೆಲಸವಲ್ಲ. ಕಾವಲು ಬೇಕಿರುವುದು ದಾಖಲೆಗೆ. ಹೊರಗುತ್ತಿಗೆಯವರಿಗೂ ಅವರವರದೇ ಲಾಗಿನ್ ಕೊಡಬೇಕು. ಡಾಂಗಲ್ ಅಧಿಕಾರಿಯ ಕಿಸೆಯಲ್ಲೇ ಇರಬೇಕು, ಅವರು ರಜೆ ಹಾಕಿದರೆ ಪ್ರಭಾರಿಯ ಸಹಿ ಅದೇ ದಿನ ಜಾರಿಗೆ ಬರುವ ವ್ಯವಸ್ಥೆ ಆಗಬೇಕು. ಇಷ್ಟನ್ನು ಮಾಡದೆ ಬರೀ ಸುತ್ತೋಲೆ ಹೊರಡಿಸಿದರೆ ಅದೂ ನೋಟಿಸ್ ಬೋರ್ಡಿನಲ್ಲಿ ಹಳದಿಯಾಗುತ್ತದೆ.

ಎಸ್ಟೋನಿಯಾ ದೇಶದಲ್ಲಿ ಜನಸಂಖ್ಯಾ ನೋಂದಣಿಯಲ್ಲಿರುವ ತನ್ನ ವಿವರವನ್ನು ಯಾವ ಸಂಸ್ಥೆ ಯಾವಾಗ ತೆರೆದು ನೋಡಿತು ಎಂಬುದನ್ನು ಪ್ರಜೆ ಮನೆಯಲ್ಲೇ ಕುಳಿತು ನೋಡಬಹುದು. ನಮ್ಮಲ್ಲೂ ಅದು ಆಗದ ಕೆಲಸವೇನಲ್ಲ. ಬಾಗಲಕೋಟೆಯ ರೈತ ಉತಾರ ತೆಗೆಸಿಕೊಳ್ಳುವ ಕೌಂಟರಿನಲ್ಲೇ, ತನ್ನ ಸರ್ವೆ ನಂಬರನ್ನು ಈ ವರ್ಷ ಯಾರು ತೆರೆದರು, ಯಾರು ತಿದ್ದಿದರು, ಯಾವ ತಾರೀಖಿನಂದು ಎಂಬ ಇನ್ನೊಂದು ಹಾಳೆಯನ್ನೂ ಕೇಳಿ ಪಡೆಯುವಂತಾಗಬೇಕು. ಮುಳುಗಡೆಯ ಪರಿಹಾರ ಹಂಚಿಕೆ ಮುಗಿಯುವ ಮೊದಲೇ ಇದು ಆಗಬೇಕು.