ಅಂಗಳದ ಹಳೆಯ ಬೈಕು ಯಾರದು?

ಮಲೆನಾಡಿನ ಒಂಟಿಮನೆಗಳ ಅಂಗಳದಲ್ಲಿ, ಕೊಟ್ಟಿಗೆಯ ಮಾಡಿನ ಕೆಳಗೋ ಸೌದೆ ರಾಶಿಯ ಪಕ್ಕದಲ್ಲೋ, ಒಂದು ಹಳೆಯ ಬೈಕು ನಿಂತಿರುವುದು ಸಾಮಾನ್ಯ ದೃಶ್ಯ. ಅದು ಬಣ್ಣ ಮಾಸಿದ ಹೀರೋ ಹೋಂಡಾ ಸಿಡಿ 100 ಇರಬಹುದು, ಸ್ಪ್ಲೆಂಡರ್ ಇರಬಹುದು, ಯಮಾಹಾ ಆರ್‌ಎಕ್ಸ್ 100 ಅಥವಾ ಹಾಲಿನ ಕ್ಯಾನು ಹೊತ್ತು ಹೊತ್ತು ಸವೆದ ಟಿವಿಎಸ್ ಮೊಪೆಡ್ಡು ಇರಬಹುದು. ಹರಿದ ಸೀಟಿಗೆ ಗೊಬ್ಬರದ ಚೀಲದ ಹೊದಿಕೆ, ಹ್ಯಾಂಡಲಿಗೆ ನೇತುಹಾಕಿದ ಪ್ಲಾಸ್ಟಿಕ್ ಕೊಟ್ಟೆ. ಆ ಬೈಕು ಮನೆಯ ಯಜಮಾನನದು ಅಥವಾ ಹಿರಿಯ ಮಗನದು. ಕಾಗದದಲ್ಲೂ ಹಾಗೆಯೇ, ರೂಢಿಯಲ್ಲೂ ಹಾಗೆಯೇ. ಪಹಣಿಯಲ್ಲಿ ಯಾರ ಹೆಸರಿದೆಯೋ ಆರ್‌ಸಿ ಪುಸ್ತಕದಲ್ಲೂ ಬಹುಮಟ್ಟಿಗೆ ಅದೇ ಹೆಸರು. ಉಳಿದವರೆಲ್ಲ ಹಿಂದಿನ ಸೀಟಿನವರು.

ಯಜಮಾನ ಪೇಟೆಗೆ ಬಸ್ಸಿನಲ್ಲಿ ಹೋದ ದಿನ, ಮಗ ಊರಿನಲ್ಲಿಲ್ಲದ ದಿನ, ಮನೆಯ ಮಗುವಿಗೆ ಜ್ವರ ನೆತ್ತಿಗೇರಿದರೆ ಅಥವಾ ತೋಟಕ್ಕೆ ಹೋದವರಿಗೆ ಹಾವು ಕಚ್ಚಿದರೆ ಆಗುವುದೇನು? ಗುಡ್ಡ ಹತ್ತಿದರೆ ಮಾತ್ರ ಮೊಬೈಲಿಗೆ ಸಿಗ್ನಲ್. ಡಾಂಬರು ರಸ್ತೆಗೆ ಮೂರು ನಾಲ್ಕು ಕಿಲೋಮೀಟರ್. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ, ಕೀ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದೆ, ಬೈಕು ಅಂಗಳದಲ್ಲಿಯೇ ನಿಂತಿದೆ. ಓಡಿಸಲು ಬರುವವರು ಮಾತ್ರ ಇಲ್ಲ. ಇಂತಹ ಅಸಹಾಯಕತೆ ಬಡತನದಿಂದ ಬಂದದ್ದಲ್ಲ. ಮನೆಯಲ್ಲಿರುವ ಒಂದು ಸಾಧನವನ್ನು ಮನೆಯವರಿಗೆಲ್ಲ ಕಲಿಸದೆ ಇಟ್ಟುಕೊಂಡದ್ದರಿಂದ ಬಂದದ್ದು.

ಪರಿಸರ ಚಳವಳಿಯ ಪುಟದಲ್ಲಿ ಬೈಕಿನ ಮಾತೇಕೆ ಎಂದು ಕೆಲವರು ಕೇಳಬಹುದು. ಗುಡ್ಡದ ಬದುಕಿಗೆ ಎಷ್ಟು ಯಂತ್ರ ಸಾಕು, ಅದು ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆ ಚಳವಳಿಯ ಮೂಲ ಪ್ರಶ್ನೆಗಳಲ್ಲೊಂದು. ಇರುವ ಹಳೆಯ ಸಣ್ಣ ಬೈಕನ್ನು ಸುಸ್ಥಿತಿಯಲ್ಲಿಟ್ಟುಕೊಂಡು, ಅದನ್ನು ಹೆಣ್ಣುಮಕ್ಕಳೂ ಸೇರಿದಂತೆ ಮನೆಯ ವಯಸ್ಕರೆಲ್ಲ ಕ್ರಮಬದ್ಧವಾಗಿ ಕಲಿತರೆ, ಎರಡನೆಯ ವಾಹನ ಕೊಳ್ಳುವ ಅಗತ್ಯ ಬಹಳ ಮನೆಗಳಿಗೆ ಬಾರದು.

ಸಣ್ಣ ಬೈಕಿನ ಲೆಕ್ಕ

ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಲೀಟರಿಗೆ 50 ಕಿಲೋಮೀಟರ್ ಕೊಡುವ 100 ಸಿಸಿ ಬೈಕು ಕಿಲೋಮೀಟರಿಗೆ 46 ಗ್ರಾಂ ಉಗುಳಿದರೆ, ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರು 150 ಗ್ರಾಂಗೂ ಹೆಚ್ಚು ಉಗುಳುತ್ತದೆ. ಹೊಸ ವಾಹನ ಕಾರ್ಖಾನೆಯಿಂದ ಹೊರಬರುವ ಮೊದಲೇ ಅದರ ಕಬ್ಬಿಣ, ಅಲ್ಯೂಮಿನಿಯಂ, ರಬ್ಬರುಗಳಿಗಾಗಿ ಎಲ್ಲೋ ಒಂದು ಗುಡ್ಡ ಅಗೆಯಲ್ಪಟ್ಟಿರುತ್ತದೆ. ಕುದುರೆಮುಖದ ಗಣಿಯನ್ನು ಕಂಡ ಮಲೆನಾಡಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇರುವ ಯಂತ್ರವನ್ನು ಇನ್ನೂ ಹತ್ತು ವರ್ಷ ಓಡಿಸುವುದೂ ಒಂದು ಬಗೆಯ ಮಿತವ್ಯಯ.

ಹಳೆಯ ಸಣ್ಣ ಬೈಕುಗಳಿಗೆ ಗುಡ್ಡದ ಊರಿನಲ್ಲಿ ಬೇರೆ ಗುಣಗಳೂ ಇವೆ. ತೂಕ ಸುಮಾರು 100 ಕಿಲೋ. ಕೆಸರಿನಲ್ಲಿ ಹೂತರೆ ಇಬ್ಬರು ಸೇರಿ ಎತ್ತಬಹುದು. 18 ಇಂಚಿನ ಚಕ್ರ ಹೊಂಡಗಳನ್ನು ದಾಟುವಷ್ಟು ಸುಲಭವಾಗಿ ಸ್ಕೂಟರಿನ 10 ಇಂಚಿನ ಚಕ್ರ ದಾಟಲಾರದು. ಬ್ಯಾಟರಿ ಬಿದ್ದುಹೋದರೂ ಕಿಕ್ ಹೊಡೆದು ಹೊರಡಬಹುದು. ಕಾರ್ಬುರೇಟರನ್ನು ಬಿಚ್ಚಿ ಜೆಟ್ಟು ಊದಿ ಕೂರಿಸುವ ಮೆಕ್ಯಾನಿಕ್ ಹೋಬಳಿ ಮಟ್ಟದಲ್ಲಿಯೇ ಸಿಗುತ್ತಾನೆ. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ನಿಯಮ ಬಂದ ಮೇಲೆ ಹೊಸ ಬೈಕುಗಳಿಗೆ ಕಾರ್ಬುರೇಟರಿನ ಬದಲು ಇಂಧನ ಚಿಮ್ಮಿಸುವ ವಿದ್ಯುನ್ಮಾನ ವ್ಯವಸ್ಥೆ ಬಂದಿದೆ. ಹೊಗೆ ಕಡಿಮೆಯಾದದ್ದು ನಿಜ, ಒಳ್ಳೆಯದೇ. ಆದರೆ ಅದು ಕೆಟ್ಟರೆ ಹಳ್ಳಿಯ ಗ್ಯಾರೇಜಿನಲ್ಲಿ ದುರಸ್ತಿ ಸುಲಭವಲ್ಲ.

ಹಳೆಯದೆಲ್ಲವೂ ಒಳ್ಳೆಯದೆಂಬ ಭ್ರಮೆಯೂ ಬೇಡ. 1985ರಲ್ಲಿ ಬಂದ ಸಿಡಿ 100 ಮತ್ತು 1994ರಲ್ಲಿ ಬಂದ ಸ್ಪ್ಲೆಂಡರ್ ನಾಲ್ಕು ಸ್ಟ್ರೋಕಿನ ಎಂಜಿನ್ನಿನವು. 1996ರವರೆಗೆ ತಯಾರಾದ ಆರ್‌ಎಕ್ಸ್ 100, ಹಳೆಯ ಮೊಪೆಡ್ಡುಗಳು, 1961ರಿಂದ 1996ರವರೆಗೆ ಮೈಸೂರಿನ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ದಿಗಳು ಎರಡು ಸ್ಟ್ರೋಕಿನವು. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಪೆಟ್ರೋಲಿನೊಂದಿಗೆ ಎಣ್ಣೆಯೂ ಉರಿಯುತ್ತದೆ. ಸಿಲಿಂಡರಿಗೆ ಹೊಸದಾಗಿ ಬಂದ ಪೆಟ್ರೋಲಿನಲ್ಲಿ ಒಂದು ಪಾಲು ಉರಿಯದೆಯೇ ಸೈಲೆನ್ಸರಿನಿಂದ ಹೊರಬೀಳುತ್ತದೆ. ಕಾಣುವ ನೀಲಿ ಹೊಗೆ ಅದರದೇ ಗುರುತು. ಯುವಕರಲ್ಲಿ ಆರ್‌ಎಕ್ಸ್ 100ರ ಮೇಲಿನ ಮೋಹ ಇಂದಿಗೂ ಇಳಿದಿಲ್ಲ. ಅದನ್ನು ಅಕ್ಕರೆಯಿಂದ ಇಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಡೇರಿ, ಸೊಸೈಟಿ, ಶಾಲೆ ಎಂದು ದಿನವೂ ಓಡಾಡಲು ನಾಲ್ಕು ಸ್ಟ್ರೋಕಿನ ಬೈಕೇ ಸೂಕ್ತ. ಸೈಲೆನ್ಸರಿನ ಒಳಭಾಗ ತೆಗೆಸಿ ಕಾಡಿನ ರಸ್ತೆಯಲ್ಲಿ ಗುಡುಗಿಸುವುದಂತೂ ಪ್ರಾಣಿಗಳಿಗೂ ಜನರಿಗೂ ಮಾಡುವ ಅನ್ಯಾಯ. ಹುಲ್ಲುಗಾವಲಿನ ಬೋಳುಗುಡ್ಡಗಳ ಮೇಲೆ ಬೈಕು ಹತ್ತಿಸುವ ಚಟವೂ ಅಂಥದೇ. ಚಕ್ರ ಕೊರೆದ ಗೆರೆ ಮುಂದಿನ ಮಳೆಗಾಲದಲ್ಲಿ ನೀರಿನ ದಾರಿಯಾಗಿ ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ.

ಹಳೆಯ ಬೈಕಿನ ಒಡೆತನವೆಂದರೆ ಕೆಲವು ಹೊಣೆಗಳೂ ಹೌದು. ನೋಂದಣಿಯ ಅವಧಿ 15 ವರ್ಷ. ಅನಂತರ ವಾಹನವನ್ನು ತಪಾಸಣೆಗೆ ಒಪ್ಪಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ವಿಮೆಯಿಲ್ಲದ ಬೈಕು ಒಂದು ಅಪಘಾತವಾದರೆ ತೋಟವನ್ನೇ ನುಂಗಬಲ್ಲದು. ದೇಶದಲ್ಲಿ ಪೆಟ್ರೋಲಿಗೆ ಶೇಕಡಾ 20ರಷ್ಟು ಎಥನಾಲ್ ಬೆರೆಸುವ ಗುರಿಯನ್ನು 2025ರಲ್ಲಿ ತಲುಪಲಾಯಿತು. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರಿನ ಕೊಳವೆಗಳನ್ನು ಬೇಗ ಸವೆಸುತ್ತದೆ. ಆದ್ದರಿಂದ ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸುವ ಬೈಕಿನ ಕಾರ್ಬುರೇಟರನ್ನು ಖಾಲಿ ಮಾಡಿಡುವುದು, ಪೆಟ್ರೋಲ್ ಕೊಳವೆಯನ್ನು ಆಗಾಗ ನೋಡುವುದು ಲೇಸು. ಬದಲಿಸಿದ ಕರಿ ಆಯಿಲನ್ನು ಬೇಲಿಗೂಟಕ್ಕೆ ಬಳಿಯುವುದು, ಹಳ್ಳದ ದಂಡೆಯಲ್ಲಿ ಚೆಲ್ಲುವುದು, ಬೈಕನ್ನು ಹಳ್ಳದೊಳಗೇ ನಿಲ್ಲಿಸಿ ತೊಳೆಯುವುದು ಹಲವು ಊರುಗಳ ರೂಢಿ. ಅದೇ ಹಳ್ಳದ ನೀರನ್ನು ಕೆಳಗಿನ ಮನೆಯವರು ಕುಡಿಯುತ್ತಾರೆ. ಆ ಆಯಿಲನ್ನು ಡಬ್ಬಿಯಲ್ಲಿ ಹಿಡಿದು ಗ್ಯಾರೇಜಿಗೇ ಮರಳಿಸಬೇಕು.

ಹಿಂದಿನ ಸೀಟಿನವರು

‘ಹೆಂಗಸರಿಗೆ ಗೇರಿನ ಬೈಕು ಯಾಕೆ, ಬೇಕಾದರೆ ಸ್ಕೂಟರ್ ಕೊಡಿಸೋಣ’ ಎಂಬ ಮಾತು ಮನೆಮನೆಯಲ್ಲೂ ಕೇಳುತ್ತದೆ. ಮೇಲ್ನೋಟಕ್ಕೆ ಉದಾರವಾದ ಈ ಮಾತು ಬಹಳ ಸಲ ಮಾತಾಗಿಯೇ ಉಳಿಯುತ್ತದೆ. ಅಡಿಕೆಗೆ ಬೆಲೆ ಬಂದ ವರ್ಷ ಸ್ಕೂಟರಿನ ಬದಲು ಕಾರು ಬರುತ್ತದೆ, ಬೆಲೆ ಬಿದ್ದ ವರ್ಷ ಏನೂ ಬರುವುದಿಲ್ಲ. ಅಷ್ಟರಲ್ಲಿ ಮಗಳು ಪಿಯುಸಿ ಮುಗಿಸಿ, ದೂರದ ಕಾಲೇಜಿಗೆ ಹೋಗಿಬರಲಾಗದೆ ಓದು ನಿಲ್ಲಿಸಿರುತ್ತಾಳೆ.

ಚದುರಿದ ಮನೆಗಳ ಈ ಸೀಮೆಯಲ್ಲಿ ನಿತ್ಯದ ದೂರಗಳನ್ನು ಹೆಚ್ಚಾಗಿ ನಡೆದು ಕ್ರಮಿಸುವವರು ಹೆಂಗಸರೇ. ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು, ಸ್ವಸಹಾಯ ಸಂಘದ ಲೆಕ್ಕ ಬರೆಯುವವರು ಗುಡ್ಡ ಹತ್ತಿ ಇಳಿಯುತ್ತಾರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಬೇಸಿಗೆಗೆ ಮುನ್ನವೇ ತಲೆಯೆತ್ತಿದಾಗ, ಕಾಡಂಚಿನ ಮನೆಮನೆಗೆ ಹೋಗಿ ಜ್ವರ ವಿಚಾರಿಸುವವರು ಅವರೇ. ಆ ಹೊತ್ತಿನಲ್ಲಿ ಅವರ ಮನೆಯ ಬೈಕು ಪೇಟೆಯ ಹೋಟೆಲಿನ ಮುಂದೆ ನಿಂತಿರುತ್ತದೆ.

ಅಪಾಯದ ಮಾತನ್ನು ತಳ್ಳಿಹಾಕುವಂತಿಲ್ಲ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇಕಡಾ 44.5ರಷ್ಟು ಜನ ದ್ವಿಚಕ್ರ ವಾಹನದಲ್ಲಿದ್ದವರು. ಆದರೆ ಹಿಂದಿನ ಸೀಟು ಸುರಕ್ಷಿತವೆಂಬ ನಂಬಿಕೆಗೆ ಆಧಾರವಿಲ್ಲ. ಹೆಲ್ಮೆಟ್ಟಿಲ್ಲದೆ ಒಂದೇ ಬದಿಗೆ ಕಾಲು ಹಾಕಿ, ಮಡಿಲಲ್ಲಿ ಮಗು, ಕೈಯಲ್ಲಿ ಬಿಚ್ಚಿದ ಕೊಡೆ ಹಿಡಿದು ಕುಳಿತವಳಿಗೆ ಗಾಳಿ ಬೀಸಿದ ಕ್ಷಣದಲ್ಲಿ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಸೆರಗು ಚಕ್ರಕ್ಕೆ ಸಿಕ್ಕಿ ಬೀಳುವವರೂ ಇದ್ದಾರೆ. ಹಿಂಬದಿಯ ಚಕ್ರಕ್ಕೆ ಸೀರೆ ಸಿಗದಂತೆ ತಡೆ, ಹಿಡಿಕೆ ಮತ್ತು ಕಾಲಿಡುವ ಮೆಟ್ಟು ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ ಹೇಳುತ್ತದೆ. ಹಳೆಯ ಬೈಕುಗಳಲ್ಲಿ ಈ ತಡೆ ಮುರಿದು ಬಿದ್ದಿದ್ದರೆ ಮೊದಲು ಅದನ್ನು ಹಾಕಿಸಬೇಕು. ಸ್ವತಃ ಓಡಿಸಲು ಕಲಿತವರು ಹಿಂದೆ ಕುಳಿತಾಗಲೂ ಹೆಚ್ಚು ಎಚ್ಚರದಿಂದ ಕೂರುತ್ತಾರೆ.

ಕಲಿಸುವ ಕ್ರಮ

ಮನೆಯಲ್ಲಿ ಕಲಿಸುವುದು ಎಲ್ಲಿ ಕೆಡುತ್ತದೆ? ಅಪ್ಪನೋ ಅಣ್ಣನೋ ಮೊದಲ ದಿನವೇ ಡಾಂಬರು ರಸ್ತೆಗೆ ಕರೆದೊಯ್ದು, ಎಂಜಿನ್ ಎರಡು ಸಲ ಆರಿದ ಕೂಡಲೆ ಗದರಿಸುತ್ತಾರೆ. ಮೂರನೆಯ ಸಲಕ್ಕೆ ಕಲಿಯುವವಳು ಇಳಿದು ಮನೆಗೆ ನಡೆಯುತ್ತಾಳೆ. ‘ಅವಳಿಗೆ ಬರುವುದಿಲ್ಲ’ ಎಂಬ ತೀರ್ಪು ಅಲ್ಲಿಗೆ ಹೊರಬೀಳುತ್ತದೆ. ಕ್ಲಚ್ಚು ಬಿಡುವ ಹದ ಗದರಿಕೆಯಿಂದ ಬರುವುದಿಲ್ಲ.

ಕೊಯ್ಲು ಮುಗಿದು ಒಣಗಿದ ಗದ್ದೆ ಇದಕ್ಕೆ ಒಳ್ಳೆಯ ಪಾಠಶಾಲೆ. ಬಿದ್ದರೂ ಮೆದು, ಎದುರಿಗೆ ಬರುವ ಲಾರಿಯಿಲ್ಲ. ಮೊದಲಿಗೆ ಎಂಜಿನ್ ಆರಿಸಿಯೇ ಬೈಕನ್ನು ತಳ್ಳುವುದು, ತಿರುಗಿಸುವುದು, ಸ್ಟ್ಯಾಂಡಿಗೆ ಹಾಕುವುದು ಅಭ್ಯಾಸವಾಗಲಿ. ತೂಕದ ಅಂಜಿಕೆ ಕಳೆಯುವುದು ಹಾಗೆಯೇ. ಅನಂತರ ಒಂದನೇ ಗೇರಿನಲ್ಲಿ, ಆಕ್ಸಿಲರೇಟರ್ ತಿರುಪದೆ, ಕ್ಲಚ್ಚನ್ನು ನಿಧಾನವಾಗಿ ಬಿಟ್ಟು ನಡಿಗೆಯ ವೇಗದಲ್ಲಿ ಹೊರಡುವುದು. ನಿಲ್ಲಿಸಲು ಬಂದ ಮೇಲೆಯೇ ಓಡಿಸುವ ಪಾಠ. ಎರಡೂ ಬ್ರೇಕನ್ನು ಒಟ್ಟಿಗೆ, ಮೆಲ್ಲಗೆ ಹಿಡಿಯುವುದು ಅಭ್ಯಾಸವಾಗಬೇಕು. ಕೊನೆಯಲ್ಲಿ ಗುಡ್ಡದ ಪಾಠ: ಏರಿನಲ್ಲಿ ನಿಲ್ಲಿಸಿ ಹಿಂದಕ್ಕೆ ಜಾರದಂತೆ ಹೊರಡುವುದು, ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿ ಇಳಿಯುವುದು.

ಈ ಕೊನೆಯ ಪಾಠವನ್ನು ಗಂಡಸರೂ ಹೊಸದಾಗಿ ಕಲಿಯಬೇಕಾಗಿದೆ. ಪೆಟ್ರೋಲ್ ಉಳಿಸಲೆಂದು ಎಂಜಿನ್ ಆರಿಸಿ, ನ್ಯೂಟ್ರಲ್ಲಿನಲ್ಲಿ ಘಾಟಿ ಇಳಿಯುವವರು ಬಹಳ. ಎಂಜಿನ್ನಿನ ತಡೆಯಿಲ್ಲದೆ ಇಡೀ ಭಾರ ಬ್ರೇಕಿನ ಮೇಲೆ ಬಿದ್ದು, ಹಳೆಯ ಡ್ರಮ್ ಬ್ರೇಕು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಹಳ್ಳ ದಾಟಿದ ಮೇಲೆ ಒದ್ದೆಯಾದ ಬ್ರೇಕನ್ನು ಸ್ವಲ್ಪ ದೂರ ಮೆಲ್ಲಗೆ ಒತ್ತಿ ಒಣಗಿಸಿಕೊಳ್ಳಬೇಕೆಂಬುದೂ ಹಲವರಿಗೆ ತಿಳಿಯದು. ಪಾಚಿ ಕಟ್ಟಿದ ಸಿಮೆಂಟು ರಸ್ತೆ, ಹರಡಿದ ಅಡಿಕೆ ಸಿಪ್ಪೆ, ಒದ್ದೆ ಎಲೆಗಳ ಮೇಲೆ ಬ್ರೇಕು ಹಿಡಿಯದಿರುವುದು ಮಲೆನಾಡಿಗೇ ಮೀಸಲಾದ ಪಾಠ. ಪ್ಲಗ್ಗು ಒರೆಸುವುದು, ಚೈನು ಬಿಗಿ ಮಾಡುವುದು, ಕ್ಲಚ್ ಕೇಬಲ್ ನೋಡುವುದನ್ನೂ ಇದರೊಂದಿಗೆ ಕಲಿಸಿದರೆ ಬೈಕು ಅರ್ಧದಾರಿಯಲ್ಲಿ ನಿಂತಾಗ ಯಾರಿಗಾಗಿಯೂ ಕಾಯಬೇಕಾಗದು.

‘ಕಲಿಸುವುದು’ ಎಂದರೆ ಹೈಸ್ಕೂಲು ಹುಡುಗನ ಕೈಗೆ ಕೀ ಕೊಡುವುದಲ್ಲ. ಗೇರಿನ ಬೈಕಿಗೆ 18 ವರ್ಷ ತುಂಬಿರಬೇಕು, ಕಲಿಯುವವರ ಪರವಾನಗಿ ಬೇಕು. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡವಿದೆ. ಒಂದೇ ಮನೆಯಲ್ಲಿ ಹದಿನಾಲ್ಕರ ಮಗನಿಗೆ ಬೈಕು ಕೊಟ್ಟು, ನಲವತ್ತರ ತಾಯಿಗೆ ‘ನಿನಗೇಕೆ’ ಎನ್ನುವುದು ಕಾನೂನಿಗೂ ಸಲ್ಲದು, ವಿವೇಕಕ್ಕೂ ಸಲ್ಲದು.

ಬಸ್ಸು ಬೇಡವೆಂದಲ್ಲ

ಎಲ್ಲರೂ ಬೈಕು ಕಲಿತರೆ ಬಸ್ಸು ಕೇಳುವವರಾರು ಎಂಬ ಆಕ್ಷೇಪ ನ್ಯಾಯವಾದದ್ದು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರ ಪ್ರಯಾಣ ಉಚಿತವಾಯಿತು. ಆದರೆ ಸರ್ಕಾರಿ ಬಸ್ಸೇ ಬಾರದ ಊರಿನ ಹೆಣ್ಣುಮಕ್ಕಳಿಗೆ ಅದರ ಫಲ ಡಾಂಬರು ರಸ್ತೆ ತಲುಪಿದ ಮೇಲೆಯೇ ಸಿಗುವುದು. ಬಸ್ಸಿಗಾಗಿ ನಡೆಯುವ ಹೋರಾಟ ಮುಂದುವರಿಯಲೇಬೇಕು. ಬೈಕು ಬಸ್ಸಿನ ನಿಲ್ದಾಣದವರೆಗಿನ ದಾರಿಗೆ, ಬಸ್ಸಿಲ್ಲದ ಹೊತ್ತಿಗೆ. ಮುಂದೊಂದು ದಿನ ವಿದ್ಯುತ್ ವಾಹನ ಗುಡ್ಡದ ಮನೆಗಳಿಗೂ ಕೈಗೆಟುಕಬಹುದು. ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟು ಹೋಗುವ ಊರುಗಳಿಗೆ ಅದಿನ್ನೂ ದೂರ. ಅದು ಬಂದಾಗಲೂ, ರಸ್ತೆಯ ಅಂದಾಜು ಮತ್ತು ಬ್ರೇಕಿನ ಹದ ಕಲಿತವರ ಕೈಗೆ ಬಂದರೆ ಉಪಯೋಗ.

ಮಾಗಿಯ ಕೊಯ್ಲು ಮುಗಿದು ಗದ್ದೆಗಳು ಬರಿದಾದಾಗ, ಮುಂಗಾರಿಗೆ ಮುನ್ನ ಕೆಲವು ತಿಂಗಳ ಬಿಡುವಿರುತ್ತದೆ. ಪ್ರತಿ ಊರಿನ ಯುವಕ ಸಂಘ, ಸ್ವಸಹಾಯ ಸಂಘಗಳು ಒಂದು ಗದ್ದೆ, ಒಂದು ಹಳೆಯ ನಾಲ್ಕು ಸ್ಟ್ರೋಕಿನ ಬೈಕು, ಒಂದು ಒಳ್ಳೆಯ ಹೆಲ್ಮೆಟ್ಟು ಮತ್ತು ಗದರಿಸದೆ ಕಲಿಸುವ ಒಬ್ಬರನ್ನು ಗೊತ್ತುಮಾಡಿಕೊಂಡರೆ ಸಾಕು. ರಜೆಗೆ ಊರಿಗೆ ಬರುವ ವಿದ್ಯಾರ್ಥಿಗಳು ಈ ಕೆಲಸಕ್ಕೆ ಮುಂದಾಗಬಹುದು. ಮೊದಲ ಶಿಷ್ಯೆ ಅವರವರ ತಾಯಿಯೇ ಆಗಲಿ.