ವೇಗದ ಆಟದಲ್ಲಿ ಮಾತಿನ ಮಿತಿ

ಚಳ್ಳಕೆರೆಯಲ್ಲಿ ಒಬ್ಬ ವಿದ್ಯಾರ್ಥಿಯೂ ಮೊಳಕಾಲ್ಮುರುವಿನಲ್ಲಿ ಅವನ ಗೆಳೆಯನೂ ತಂತಮ್ಮ ಮನೆಗಳಲ್ಲಿ ಗಣಕದ ಮುಂದೆ ಕುಳಿತು ಒಂದೇ ಪಂದ್ಯದಲ್ಲಿ ಕಾರು ಓಡಿಸುತ್ತಿದ್ದಾರೆಂದು ಭಾವಿಸೋಣ. ಕಾರು ಪರದೆಯ ಮೇಲಿನದು. ಆದರೆ ಟೈರಿನ ಹಿಡಿತ, ಬ್ರೇಕಿನ ಕಾವು, ಇಂಧನದ ತೂಕ ಇವುಗಳನ್ನೆಲ್ಲ ಗಣಿತದ ಸೂತ್ರಗಳಿಂದ ಲೆಕ್ಕಹಾಕಿ ನಿಜವಾದ ಕಾರಿನ ವರ್ತನೆಯನ್ನೇ ಅನುಕರಿಸುವ ಆಟವಿದು. ಇಬ್ಬರ ಕಿವಿಗೂ ಹೆಡ್‌ಫೋನು, ಬಾಯಿಯ ಬಳಿ ಮೈಕು. ಡಿಸ್ಕಾರ್ಡ್, ಟೀಮ್‌ಸ್ಪೀಕ್, ಮಂಬಲ್ ಮೊದಲಾದ ತಂತ್ರಾಂಶಗಳಲ್ಲಿ ಯಾವುದೋ ಒಂದರ ಮೂಲಕ ಮಾತು ಹರಿಯುತ್ತಿದೆ. ತಿರುವೊಂದರಲ್ಲಿ ಎರಡು ಕಾರುಗಳೂ ಡಿಕ್ಕಿ ಹೊಡೆಯುತ್ತವೆ. "ಆಗಲೇ ಹೇಳಿದೆನಲ್ಲೋ!" ಎನ್ನುತ್ತಾನೆ ಒಬ್ಬ. "ನೀನು ಹೇಳಿದ್ದು ನನಗೆ ಕೇಳಿಸಿದ್ದು ಗುದ್ದಿದ ಮೇಲೆ ಕಣೋ" ಎನ್ನುತ್ತಾನೆ ಇನ್ನೊಬ್ಬ. ಕೊನೆಗೆ ಇಬ್ಬರೂ ಒಪ್ಪುವ ತೀರ್ಪು ಒಂದೇ: ತಪ್ಪು ನೆಟ್‌ವರ್ಕಿನದು!

ಈ ತೀರ್ಪು ಬಹುಮಟ್ಟಿಗೆ ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ತಪ್ಪು ಜಾಲದ್ದಕ್ಕಿಂತ ಹೆಚ್ಚಾಗಿ ನಾಲಿಗೆಯದು. ಇದನ್ನು ವಾಚಕರು ಲೆಕ್ಕಹಾಕಿಯೇ ನೋಡಬಹುದು.

ಈ ಎರಡು ಊರುಗಳ ನಡುವೆ ನೇರವಾಗಿ ಅಳೆದರೆ ಸುಮಾರು ೪೫ ಕಿಲೋಮೀಟರ್ ದೂರವಿದೆ. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು ೩೪೦ ಮೀಟರ್ ಸಾಗುವುದರಿಂದ, ಕೂಗು ಅಷ್ಟು ದೂರ ಹೋಗಬಹುದಾಗಿದ್ದರೂ ತಲುಪಲು ಎರಡು ನಿಮಿಷಕ್ಕೂ ಮೀರಿ ಬೇಕಾಗುತ್ತಿತ್ತು. ಗಾಜಿನ ಎಳೆಯೊಳಗಿನ ಬೆಳಕಾದರೋ ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರ್ ಓಡುತ್ತದೆ. ಈ ದೂರವನ್ನು ಅದು ಸೆಕೆಂಡಿನ ನಾಲ್ಕು ಸಾವಿರದಲ್ಲೊಂದು ಪಾಲಿನಷ್ಟು ಹೊತ್ತಿನಲ್ಲಿ ದಾಟಬಲ್ಲುದು. ಆದರೆ ಮಾತು ನೆಟ್ಟಗೆ ಊರಿಂದೂರಿಗೆ ಹೋಗುವುದಿಲ್ಲ. ಮುಂಬಯಿಯಲ್ಲೋ ಸಿಂಗಪುರದಲ್ಲೋ ಇರುವ ಸರ್ವರ್ ಗಣಕಕ್ಕೆ ಹೋಗಿ, ಅಲ್ಲಿಂದ ತಿರುಗಿ ಬರುವುದುಂಟು. ಅದಕ್ಕೂ ಮೊದಲು ಧ್ವನಿಯನ್ನು ತುಂಡುತುಂಡಾಗಿ ಕತ್ತರಿಸಿ ಅಂಕಿಗಳಾಗಿ ಮಾರ್ಪಡಿಸಬೇಕು. ೨೦೧೨ರಲ್ಲಿ ಅಂತರಜಾಲದ ಮಾನಕವಾಗಿ ಅಂಗೀಕೃತವಾದ ಓಪಸ್ ಎಂಬ ವಿಧಾನದಲ್ಲಿ ಸಾಮಾನ್ಯವಾಗಿ ಒಂದೊಂದು ತುಂಡೂ ೨೦ ಮಿಲಿಸೆಕೆಂಡಿನದು; ಅಂದರೆ ಒಂದು ಸೆಕೆಂಡಿನ ಮಾತಿಗೆ ೫೦ ತುಂಡುಗಳು. ದಾರಿಯಲ್ಲಿ ಕಳೆದುಹೋದ ತುಂಡನ್ನು ಮತ್ತೆ ತರಿಸುವ ಪದ್ಧತಿ ಸಾಮಾನ್ಯವಾಗಿ ಇಲ್ಲ. ತಡವಾಗಿ ಬಂದ ಮಾತಿನಿಂದ ಪ್ರಯೋಜನವಿಲ್ಲವಾದುದರಿಂದ ತಂತ್ರಾಂಶವು ಆ ಬಿರುಕನ್ನು ಊಹೆಯಿಂದ ಮುಚ್ಚಿ ಮುಂದೆ ಸಾಗುತ್ತದೆ.

ಒಂದು ದಿಕ್ಕಿನಲ್ಲಿ ೧೫೦ ಮಿಲಿಸೆಕೆಂಡಿನವರೆಗಿನ ವಿಳಂಬವು ಸಂಭಾಷಣೆಗೆ ಅಷ್ಟಾಗಿ ಅಡ್ಡಿಯಾಗದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಹೇಳುತ್ತದೆ. ಗಂಟೆಗೆ ೧೮೦ ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ ೫೦ ಮೀಟರ್ ಓಡುವುದಷ್ಟೆ. ೧೫೦ ಮಿಲಿಸೆಕೆಂಡಿನಲ್ಲಿ ಅದು ಏಳೂವರೆ ಮೀಟರ್ ಮುಂದೆ ಹೋಗಿರುತ್ತದೆ. ಇದು ಜಾಲದ ತಪ್ಪು. ಈಗ ನಾಲಿಗೆಯ ಲೆಕ್ಕ ನೋಡೋಣ. "ಲೋ, ನಿನ್ನ ಎಡಗಡೆ ಹಿಂದಿನಿಂದ ಒಂದು ಕಾರು ಬರುತ್ತಾ ಇದೆ ನೋಡು" ಎಂದು ಹೇಳಿ ಮುಗಿಸಲು ಎರಡು ಸೆಕೆಂಡಾದರೂ ಬೇಕು. ಅಷ್ಟರಲ್ಲಿ ಕಾರು ನೂರು ಮೀಟರ್ ಓಡಿ ತಿರುವನ್ನೇ ದಾಟಿರುತ್ತದೆ. "ಎಡ" ಎಂದಷ್ಟೇ ಹೇಳಿದ್ದರೆ ಸೆಕೆಂಡಿನ ಮೂರನೆಯ ಒಂದು ಭಾಗ ಸಾಕಾಗುತ್ತಿತ್ತು. ಏಳೂವರೆ ಮೀಟರಿಗಾಗಿ ಜಾಲವನ್ನು ಬಯ್ಯುವವರು ನೂರು ಮೀಟರಿಗಾಗಿ ಯಾರನ್ನು ಬಯ್ಯಬೇಕು?

ವೇಗದ ಮುಂದೆ ಮಾತು ಎಷ್ಟು ನಿಧಾನವೆಂಬುದಕ್ಕೆ ಚಳ್ಳಕೆರೆಯವರು ದೂರದ ನಿದರ್ಶನವನ್ನು ಹುಡುಕಬೇಕಾಗಿಲ್ಲ. ಆ ತಾಲ್ಲೂಕಿನಲ್ಲಿರುವ ವೈಮಾನಿಕ ಪರೀಕ್ಷಾ ವಲಯದಲ್ಲಿ ೨೦೨೪ರ ಜೂನ್ ೨೩ರಂದು ಇಸ್ರೋ ಸಂಸ್ಥೆಯ 'ಪುಷ್ಪಕ್' ವಾಹನವನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಹೆಲಿಕಾಪ್ಟರಿನಿಂದ ಬಿಡಲಾಯಿತು. ಒಳಗೆ ಚಾಲಕನಿರಲಿಲ್ಲ. ಅದು ಗಂಟೆಗೆ ೩೨೦ ಕಿಲೋಮೀಟರಿಗೂ ಮೀರಿದ ವೇಗದಲ್ಲಿ, ಎಂದರೆ ಸೆಕೆಂಡಿಗೆ ಸುಮಾರು ೮೯ ಮೀಟರಿನಂತೆ ಬಂದು, ಓಡುದಾರಿಯ ನಡುಗೆರೆಯ ಮೇಲೆ ತಾನಾಗಿಯೇ ಇಳಿಯಿತು. ನೆಲದ ಮೇಲೆ ನಿಂತವರು "ಎಡಕ್ಕೆ, ಬಲಕ್ಕೆ" ಎಂದು ಹೇಳಿ ಅದನ್ನು ಇಳಿಸಲಿಲ್ಲ. ದಾರಿಯನ್ನು ತಿದ್ದಿಕೊಂಡುದು ಅದರೊಳಗಿನ ಗಣಕವೇ. ಧ್ವನಿಯು ಚುಕ್ಕಾಣಿಯಲ್ಲ. ಚುಕ್ಕಾಣಿ ಹಿಡಿದವನಿಗೆ ಅವನು ಕಾಣದುದನ್ನು ತಿಳಿಸುವುದಷ್ಟೇ ಧ್ವನಿಯ ಕೆಲಸ. ಗೆಳೆಯನ ಕಾರನ್ನು ತನ್ನ ಬಾಯಿಂದಲೇ ಓಡಿಸಲು ಹೊರಡುವವನು ಈ ಭೇದವನ್ನು ಮರೆತಿರುತ್ತಾನೆ.

ಹಾಗೆಂದು ಮಾತೇ ಬೇಡವೆನ್ನುವುದು ನಮ್ಮ ವಾದವಲ್ಲ. ೨೦೨೦ರಲ್ಲಿ ಕೋವಿಡ್ ಕಾರಣದಿಂದ ಫ್ರಾನ್ಸಿನ ಲ ಮಾನ್ ಪಂದ್ಯವು ಮುಂದಕ್ಕೆ ಹೋದಾಗ, ಜೂನ್ ೧೩ ಮತ್ತು ೧೪ರಂದು ಅದೇ ೨೪ ಗಂಟೆಗಳ ಓಟವನ್ನು ಗಣಕದ ಮೇಲೆ ನಡೆಸಲಾಯಿತು. ಐವತ್ತು ಕಾರುಗಳು, ಇನ್ನೂರು ಚಾಲಕರು. ಒಂದೇ ಕಾರನ್ನು ಸರದಿಯ ಮೇಲೆ ಓಡಿಸುವ ನಾಲ್ವರು ಬೇರೆ ಬೇರೆ ಊರುಗಳಲ್ಲಿರಬಹುದಾಗಿದ್ದ ಆ ಪಂದ್ಯದಲ್ಲಿ ಧ್ವನಿಯಿಲ್ಲದೆ ತಂಡವೆಂಬುದೇ ಇರಲಾರದು. ಆದರೆ ಮಾತಿಗೆ ಬೆಲೆಯುಂಟು. ೨೦೦೧ರಲ್ಲಿ ಅಮೆರಿಕದ ಸ್ಟ್ರೇಯರ್ ಮತ್ತು ಜಾನ್‌ಸ್ಟನ್ ಎಂಬ ಮನಶ್ಶಾಸ್ತ್ರಜ್ಞರು, ವಾಹನ ಚಾಲನೆಯನ್ನು ಅನುಕರಿಸುವ ಪ್ರಯೋಗದಲ್ಲಿ, ಫೋನಿನಲ್ಲಿ ಮಾತನಾಡುತ್ತಿದ್ದವರು ಕೆಂಪು ಸಂಕೇತವನ್ನು ಕಾಣದೆ ಹೋಗುವ ಪ್ರಮಾಣವು ಇಮ್ಮಡಿಯಾದುದನ್ನು ಕಂಡರು. ಫೋನನ್ನು ಕೈಯಲ್ಲಿ ಹಿಡಿದಿದ್ದರೂ ಹಿಡಿಯದಿದ್ದರೂ ಫಲ ಒಂದೇ. ಸೆರೆಯಾದುದು ಕೈಯಲ್ಲ, ಗಮನ. ಈ ಎಚ್ಚರವು ಆಟಕ್ಕಿಂತ ರಸ್ತೆಗೆ ಹೆಚ್ಚು ಅನ್ವಯಿಸುತ್ತದೆ. ಪರದೆಯ ಮೇಲೆ ತಪ್ಪಿದರೆ ಒಂದು ಸುತ್ತು ಹೋದೀತು. ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯಲ್ಲಿ ಕಿವಿಗೆ ಫೋನು ಸಿಕ್ಕಿಸಿಕೊಂಡು ಮೋಟಾರು ಸೈಕಲ್ ಓಡಿಸುವವನಿಗೆ ಹೋಗುವುದು ಸುತ್ತಲ್ಲ, ಜೀವ.

ಇನ್ನು ನಮ್ಮ ಮುಖ್ಯ ವಿಷಯಕ್ಕೆ ಬರೋಣ. ಈ ಆಟಗಳಲ್ಲಿ ನಮ್ಮ ತರುಣರು ಕನ್ನಡದಲ್ಲಿ ಮಾತನಾಡುತ್ತಾರೆ. ಅದು ಸಂತೋಷದ ಸಂಗತಿ. ಆದರೆ ಮನೆಯ ಕನ್ನಡವನ್ನು ಹಾಗೆಯೇ ಮೈಕಿಗೆ ಒಪ್ಪಿಸಿದರೆ ಅಪಾಯವಿದೆ. ಕನ್ನಡದಲ್ಲಿ ನಿಷೇಧವು ವಾಕ್ಯದ ಕೊನೆಗೆ ಬರುತ್ತದೆ. "ಒಳಗೆ ಬರಬಹುದು", "ಒಳಗೆ ಬರಬಾರದು" ಎಂಬೆರಡರಲ್ಲಿ ಮೊದಲ ಅರ್ಧ ಒಂದೇ. ಅರ್ಥ ತಿರುಗುವುದು ಬಾಲದಲ್ಲಿ. ಗುಂಡಿ ಒತ್ತಿ ಮಾತನಾಡುವ ವ್ಯವಸ್ಥೆಯಲ್ಲಿ ಬೆರಳು ತುಸು ಬೇಗ ಮೇಲೆದ್ದರೆ ಆ ಬಾಲವೇ ಕತ್ತರಿಸಿಹೋಗುತ್ತದೆ. ಗುಂಡಿಯಿಲ್ಲದೆ, ಸದ್ದು ಒಂದು ಮಟ್ಟಕ್ಕೆ ಏರಿದಾಗ ಮಾತ್ರ ಮೈಕು ತಾನಾಗಿ ತೆರೆದುಕೊಳ್ಳುವ ವ್ಯವಸ್ಥೆಯಲ್ಲಿ ಅಪಾಯ ತಲೆಯ ಕಡೆಗೆ: ಮೆತ್ತನೆಯ ಮೊದಲ ಅಕ್ಷರ ನುಂಗಿಹೋಗುತ್ತದೆ. "ಉಹೂಂ" ಎಂಬುದರ ಮೊದಲಕ್ಷರ ಹೋದರೆ ಉಳಿಯುವುದು "ಹೂಂ". ಇಲ್ಲವೆಂದವನು ಹೌದೆಂದಂತಾಯಿತು!

ಇದಕ್ಕಿಂತಲೂ ಮೋಸದ ಪದ "ಸರಿ". ಒಪ್ಪಿದೆನೆಂಬ ಅರ್ಥವೂ ಅದಕ್ಕಿದೆ, ಪಕ್ಕಕ್ಕೆ ಹೋಗೆಂಬ ಅರ್ಥವೂ ಇದೆ. ಅಕ್ಕಪಕ್ಕದಲ್ಲಿ ಎರಡು ಕಾರುಗಳು ಓಡುತ್ತಿರುವಾಗ "ಸರಿ" ಎಂದರೆ ಕೇಳಿದವನು ಏನು ಮಾಡಬೇಕು? "ಒಳಗೆ, ಹೊರಗೆ" ಎಂಬ ಜೋಡಿಯೂ ಹಾಗೆಯೇ. ಹಕಾರ ಬಿಟ್ಟು ನುಡಿಯುವವರ ಬಾಯಲ್ಲಿ ಎರಡಕ್ಕೂ ಇರುವ ಅಂತರ ಒಂದು ಅಕ್ಷರದ್ದು ಮಾತ್ರ. "ಕಾರು" ಎಂಬುದೂ ದಾರಿ ತೆರವಾಗಿದೆ ಎಂಬರ್ಥದ "ಖಾಲಿ" ಎಂಬುದೂ ಎಂಜಿನ್ನಿನ ಸದ್ದಿನಲ್ಲಿ ಒಂದೇ ಆಗಿ ಕೇಳಿಸಬಹುದು.

ಇದು ಬರಿಯ ಆಟದ ಮಾತೆಂದು ವಾಚಕರು ಭಾವಿಸಬಾರದು. ೧೯೭೭ರ ಮಾರ್ಚ್ ೨೭ರಂದು ಟೆನೆರೀಫ್ ದ್ವೀಪದ ನಿಲ್ದಾಣದಲ್ಲಿ ಮಂಜಿನ ನಡುವೆ ಎರಡು ದೊಡ್ಡ ವಿಮಾನಗಳು ಡಿಕ್ಕಿ ಹೊಡೆದು ೫೮೩ ಜನ ಸತ್ತರು. ನಿಯಂತ್ರಣ ಗೋಪುರದವರು "ಓಕೆ" ಎಂದು, ಬಳಿಕ ಕಾಯುವಂತೆ ಹೇಳಿದರು. ಅದೇ ಕ್ಷಣದಲ್ಲಿ ಇನ್ನೊಂದು ವಿಮಾನದವರು ತಾವಿನ್ನೂ ಓಡುದಾರಿಯ ಮೇಲೆಯೇ ಇರುವುದಾಗಿ ನುಡಿದರು. ಎರಡು ಮಾತುಗಳೂ ರೇಡಿಯೋದಲ್ಲಿ ಕೂಡಿ ಕಿರುಚುದನಿಯಾಯಿತು. ಹೊರಡಲು ಅಣಿಯಾಗಿದ್ದ ವಿಮಾನದಲ್ಲಿ ಸ್ಪಷ್ಟವಾಗಿ ಕೇಳಿಸಿದುದು "ಓಕೆ" ಎಂಬುದಷ್ಟೇ. ಆಮೇಲೆ ವಿಮಾನಯಾನದ ಮಾತಿನ ಕಟ್ಟುಪಾಡುಗಳನ್ನು ಬಿಗಿಗೊಳಿಸಿದರು: ಹೊರಡುವ ಅನುಮತಿಯ ಪದವನ್ನು ಅನುಮತಿ ಕೊಡುವಾಗಲ್ಲದೆ ಬಳಸಬಾರದು, ಮುಖ್ಯವಾದ ಆದೇಶವನ್ನು ಕೇಳಿದವರು ಮರಳಿ ನುಡಿದು ತೋರಿಸಬೇಕು. ನಮ್ಮ ಆಟದ ತಂತ್ರಾಂಶಗಳಲ್ಲಿ ಎರಡು ದನಿಗಳು ಕಿರುಚುವುದಿಲ್ಲ, ಬೆರೆಯುತ್ತವೆ. ಬೆರೆತ ಮಾತನ್ನು ಬಿಡಿಸಿಕೊಳ್ಳುವ ಕಷ್ಟ ಮಾತ್ರ ತಪ್ಪಿದ್ದಲ್ಲ.

ಆದುದರಿಂದ ನಮ್ಮ ಸಲಹೆ ಇಷ್ಟು. ಪಂದ್ಯಕ್ಕೆ ಮೊದಲೇ ತಂಡದವರು ಹತ್ತಕ್ಕೆ ಮೀರದ ಪದಗಳನ್ನು ಗೊತ್ತುಮಾಡಿಕೊಳ್ಳಲಿ. ಅವು ಒಂದನ್ನೊಂದು ಹೋಲಬಾರದು. ಎಡಕ್ಕೆ "ಎಡ" ಎಂತಲೂ, ಬಲಕ್ಕೆ ಬೇಕೆಂದೇ ಉದ್ದವಾಗಿ "ಬಲಗಡೆ" ಎಂತಲೂ ಇಟ್ಟುಕೊಂಡರೆ, ಅಕ್ಷರ ಮಸುಕಾದರೂ ಉದ್ದದಿಂದಲೇ ಗುರುತು ಸಿಗುತ್ತದೆ. ದಾರಿ ಬಿಡುವಾಗಿದ್ದರೆ "ತೆರವು". ಒಪ್ಪಿಗೆಗೆ "ಆಯಿತು". "ಹೋಗಬೇಡ" ಎನ್ನುವ ಬದಲು "ನಿಲ್ಲು". ಬ್ರೇಕು, ಪಿಟ್, ಟೈರು ಮೊದಲಾದ ಪದಗಳು ನಮ್ಮವೇ ಆಗಿಬಿಟ್ಟಿವೆ. ಅವನ್ನು ಓಡಿಸಿ ಸಂಸ್ಕೃತದ ಉದ್ದನೆಯ ಪದಗಳನ್ನು ತರುವ ಹಟ ಬೇಡ. ಗುಂಡಿ ಒತ್ತಿ ಅರೆಗಳಿಗೆ ತಡೆದು ನುಡಿಯಬೇಕು, ನುಡಿದು ಅರೆಗಳಿಗೆ ತಡೆದು ಬೆರಳೆತ್ತಬೇಕು. ಬ್ರೇಕು ಹಾಕುವ ಜಾಗದಲ್ಲಿ ಯಾರೂ ಮಾತನಾಡಬಾರದು.

"ಆಡುವುದೇ ಸಂತೋಷಕ್ಕೆ, ಅಲ್ಲಿಯೂ ಕವಾಯತೇ?" ಎಂದು ಕೆಲವರು ಕೇಳಬಹುದು. ಹರಟೆಗೆ ನಮ್ಮ ವಿರೋಧವಿಲ್ಲ. ಪಂದ್ಯಕ್ಕೆ ಮೊದಲೂ ಆಮೇಲೂ ಮನಸಾರೆ ಹರಟಬಹುದು. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನವು, ಸುವರ್ಣಗಿರಿಯ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯವನ್ನು ಹಾರೈಸುವುದರಿಂದಲೇ ಆರಂಭವಾಗುತ್ತದೆ. ಬಂಡೆಗೆ ಅವಸರವಿಲ್ಲ, ಎರಡು ಸಾವಿರದ ಇನ್ನೂರು ವರ್ಷಗಳಿಗೂ ಮೀರಿ ಅದು ಕಾದಿದೆ. ಅಲ್ಲಿ ಕುಶಲಪ್ರಶ್ನೆ ಭೂಷಣ. ಸೆಕೆಂಡಿಗೆ ೫೦ ಮೀಟರ್ ಓಡುವವನ ಕಿವಿಯಲ್ಲಿ ಅದೇ ಕುಶಲಪ್ರಶ್ನೆ ಅಪಘಾತಕ್ಕೆ ದಾರಿ. ಮಾತಿನ ಮರ್ಯಾದೆ ಕಾಲವನ್ನು ಅನುಸರಿಸುತ್ತದೆ.

ಹಿರಿಯರಿಗೂ ಒಂದು ಮಾತು. ಮಕ್ಕಳು ಪರದೆಯ ಮುಂದೆ ಕೂಗಾಡುವುದನ್ನು ಕಂಡು ಮೈಕನ್ನೇ ಕಿತ್ತುಕೊಳ್ಳುವುದು ಸುಲಭ. ಓದಿನ ಹೊತ್ತನ್ನೂ ನಿದ್ದೆಯ ಹೊತ್ತನ್ನೂ ಕಾಯುವುದು ಹಿರಿಯರ ಹಕ್ಕು. ಅದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಗೊಂದಲದ ನಡುವೆ ಬೇಕಾದುದನ್ನು ಮಾತ್ರ, ಬೇಕಾದ ಗಳಿಗೆಯಲ್ಲಿ, ತಪ್ಪು ತಿಳಿಯದಂತೆ ಹೇಳುವ ಅಭ್ಯಾಸವು ದೊಡ್ಡ ವಿದ್ಯೆ. ನಾಳೆ ಇವರಲ್ಲಿ ಯಾರೋ ಒಬ್ಬರು ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ, ಇನ್ನೊಬ್ಬರು ಆಂಬ್ಯುಲೆನ್ಸಿನ ಕರೆ ಸ್ವೀಕರಿಸುವ ಮೇಜಿನ ಮುಂದೆ, ಮತ್ತೊಬ್ಬರು ತಮ್ಮ ಊರಿನ ಪರೀಕ್ಷಾ ವಲಯದಲ್ಲಿಯೇ ಪೈಲಟಿಲ್ಲದ ವಿಮಾನದ ನಿಯಂತ್ರಣದಲ್ಲಿ ಇರಬಹುದು. ಅಲ್ಲಿ ಒಂದು "ಉಹೂಂ" ಎಂಬುದು "ಹೂಂ" ಆಗಿ ಕೇಳಿಸುವಂತಿಲ್ಲ.

ವಿದ್ಯಾರ್ಥಿಗಳು ನಮ್ಮ ಮಾತನ್ನು ನಂಬಬೇಕಾಗಿಲ್ಲ, ಪರೀಕ್ಷಿಸಲಿ. ಹತ್ತು ಪದಗಳ ಪಟ್ಟಿ ಮಾಡಿ, ಎಂಜಿನ್ನಿನ ಸದ್ದನ್ನು ಜೋರಾಗಿ ಇಟ್ಟು, ಒಬ್ಬರು ಕ್ರಮಗೆಡಿಸಿ ನೂರು ಬಾರಿ ನುಡಿಯಲಿ. ಇನ್ನೊಬ್ಬರು ಕೇಳಿದಂತೆ ಬರೆದುಕೊಳ್ಳಲಿ. ಯಾವ ಪದವು ಯಾವುದಾಗಿ ಎಷ್ಟು ಬಾರಿ ಕೇಳಿಸಿತೆಂದು ಕೋಷ್ಟಕ ಹಾಕಿ, ಸೋತ ಪದವನ್ನು ಬಿಟ್ಟು ಹೊಸದನ್ನು ತರಲಿ. "ಎಡ, ಬಲಗಡೆ" ಎಂಬ ನಮ್ಮ ಜೋಡಿಯೇ ಸೋತರೆ ಅದನ್ನೂ ಬಿಡಲಿ. ಕನ್ನಡವು ವೇಗಕ್ಕೆ ಒಗ್ಗದ ಭಾಷೆಯಲ್ಲ. ಒಗ್ಗಿಸುವ ಕೆಲಸವನ್ನು ಯಾರಾದರೂ ಮಾಡಬೇಕಷ್ಟೆ. ಚಳ್ಳಕೆರೆ, ಮೊಳಕಾಲ್ಮುರುಗಳ ಆ ಇಬ್ಬರು ಗೆಳೆಯರು ಮುಂದಿನ ಪಂದ್ಯಕ್ಕೆ ಮೊದಲು ಅದನ್ನು ಆರಂಭಿಸಬಾರದೇಕೆ?